ಬಾಣಂತಿಗೆ ಕೋವಿಡ್ ಬಂದಾಗ ಹಸುಗೂಸಿನ ಆರೈಕೆ

ಬಾಣಂತಿಗೆ ಕೋವಿಡ್ ಪಾಸಿಟಿವ್ ಎಂದು ಗೊತ್ತಾದ ಕೂಡಲೇ ಬಹಳಷ್ಟು ಮನೆಗಳಲ್ಲಿ ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಬೇರೆ ಕಡೆ ಮಲಗಿಸುತ್ತಾರೆ. ಕೂಸಿನ ಮೇಲಿನ ಕಾಳಜಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಕೂಸಿಗೆ ಅಪಾಯ ಹೆಚ್ಚುವುದೇ ಅದರಿಂದ. ಕೋವಿಡ್ ತಗುಲಿದ ಹಸುಗೂಸುಗಳಲ್ಲಿ ಹೆಚ್ಚಿನವುಗಳಿಗೆ ಕಾಯಿಲೆ ಜೋರಾಗುವುದಿಲ್ಲ. ತಾಯಿಯಿಂದ ದೂರವಾದ ಕೂಸು, ಅದರಲ್ಲೂ ಎರಡೂವರೆ ಕಿಲೋಗಿಂತ ಕಡಿಮೆ ತೂಕದ್ದು, ಮೈ ತಣ್ಣಗಾಗಿ, ತಾಯಿಹಾಲು ಸಿಗದೆ, ಬಾಟಲಿಯ ಸೋಂಕಿಗೆ ಸಿಕ್ಕಿ ಪ್ರಾಣ ಕಳೆದುಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಚ್‌ನಲ್ಲಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳ ಅಂದಾಜೊಂದನ್ನು ಮುಂದಿಟ್ಟಿತು. ಅದರ ಪ್ರಕಾರ ಕಾಂಗರೂ ಆರೈಕೆ, ಅಂದರೆ ಕೂಸನ್ನು ಬರಿ ಎದೆಗೆ ಮೈ ತಾಗುವಂತೆ ಹಾಕಿಕೊಳ್ಳುವುದು, ಎಲ್ಲ ಕಡೆ ಸಿಕ್ಕರೆ 1,25,000ಕ್ಕೂ ಹೆಚ್ಚು ಕೂಸುಗಳು ಉಳಿಯುತ್ತವೆ. ಕೋವಿಡ್‌ನಿಂದ ಸಾಯಬಹುದಾದವು 2,000ಕ್ಕಿಂತ ಕಡಿಮೆ.

ಆದ್ದರಿಂದ ತಾಯಿಗೆ ಉಸಿರಾಟದ ತೊಂದರೆ ಜೋರಾಗಿ ಆಕ್ಸಿಜನ್ ಹಾಕುವಂಥ ಸ್ಥಿತಿ ಬಂದಿಲ್ಲವೆಂದರೆ ಕೂಸು ಅವಳ ಜೊತೆಯಲ್ಲೇ ಇರಲಿ. ಕೂಸನ್ನು ಮುಟ್ಟುವ ಮೊದಲು ಅವಳು ಸೋಪು ಹಾಕಿ 40 ಸೆಕೆಂಡ್ ಕೈ ತೊಳೆಯಬೇಕು, ಮೂಗು-ಬಾಯಿ ಎರಡೂ ಮುಚ್ಚುವಂತೆ ಮೂರು ಪದರದ ಮಾಸ್ಕ್ ಹಾಕಿಕೊಳ್ಳಬೇಕು. ಮಾಸ್ಕ್ ಒದ್ದೆಯಾದರೆ ಬದಲಿಸಬೇಕು. ಕೂಸಿಗೆ ಮಾತ್ರ ಮಾಸ್ಕ್ ಬೇಡವೇ ಬೇಡ, ಉಸಿರು ಕಟ್ಟುತ್ತದೆ. ಪ್ರತಿ ಸಲ ಮೊಲೆ ತೊಳೆಯುವ ಅಗತ್ಯವಿಲ್ಲ. ಅದರ ಮೇಲೆ ಕೆಮ್ಮಿದ್ದರೆ ತೊಳೆದರೆ ಸಾಕು. ಒಂದೇ ಕೋಣೆಯ ಶೀಟಿನ ಮನೆಯಾದರೆ ಕಿಟಕಿ ತೆರೆದಿಡಿ, ಕೂಸಿನ ಮೇಲೆ ನೇರವಾಗಿ ಗಾಳಿ ಬೀಸದಂತೆ ನೋಡಿಕೊಳ್ಳಿ. ನೋಡಲು ಬರುವ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸಿ; ಯಾರಾದರೂ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಹುಟ್ಟಿದ ಒಂದು ಗಂಟೆಯೊಳಗೆ ಹಾಲೂಡಿಸಬೇಕು. ಮೊದಲ ದಿನಗಳ ಗಟ್ಟಿ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ. ಮೊದಲ ದಿನ ಕೂಸಿನ ಹೊಟ್ಟೆ ಹಿಡಿಸುವುದೇ ಒಂದು ಚಮಚದಷ್ಟು. ‘ಹಾಲೇ ಬರುತ್ತಿಲ್ಲ’ ಎಂದು ಗಾಬರಿಯಾಗಿ ಪುಡಿಹಾಲು ತರುವುದು ಹೆಚ್ಚಾಗಿ ಈ ಹಂತದಲ್ಲೇ. ಅದನ್ನು ಕೊಟ್ಟಷ್ಟೂ ಕೂಸು ಮೊಲೆ ಚೀಪುವುದು ಕಡಿಮೆಯಾಗಿ ತಾಯಿಗೆ ಹಾಲು ಇಳಿಯುವುದೂ ಕಡಿಮೆಯಾಗುತ್ತದೆ. ದುಡಿಮೆ ನಿಂತಾಗ ಡಬ್ಬಿ ಹೆಚ್ಚು ದಿನ ಬರಲೆಂದು ನೀರು ಜಾಸ್ತಿ ಬೆರೆಸಿದರೆ ಕೂಸು ಹೊಟ್ಟೆ ತುಂಬಿದಂತೆ ಕಂಡರೂ ಸೊರಗುತ್ತದೆ.

ತಾಯಿಗೆ ಎದ್ದು ಕೂರಲಾಗದಿದ್ದರೆ ಹಾಲು ಹಿಂಡಿ ಕೊಡಬಹುದು. ಹಗಲೂ ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು. ರಾತ್ರಿಯದನ್ನು ಬಿಟ್ಟರೆ ಹಾಲು ಬೇಗ ಇಳಿಮುಖವಾಗುತ್ತದೆ. ಹೆಬ್ಬೆರಳು ಮತ್ತು ತೋರುಬೆರಳನ್ನು ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿಟ್ಟು, ಮೊದಲು ಎದೆಯ ಕಡೆಗೆ ಒತ್ತಿ, ಆಮೇಲೆ ಎರಡು ಬೆರಳನ್ನೂ ಸೇರಿಸುವಂತೆ ಅದುಮಬೇಕು. ತೊಟ್ಟನ್ನೇ ಹಿಡಿದು ಎಳೆದರೆ ಹಾಲು ಬರುವುದಿಲ್ಲ, ನೋವಷ್ಟೇ. ಸ್ಟೀಲ್ ಲೋಟ ಮತ್ತು ಒಳಲೆಯನ್ನು (ಕೂಸಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು) ಸೋಪಿನಲ್ಲಿ ತೊಳೆದು, ನೀರಿನಲ್ಲಿ ಮುಳುಗಿಸಿ 10 ನಿಮಿಷ ಕುದಿಸಿ. ಬಾಟಲಿಗಿಂತ ಒಳಲೆ ಎಷ್ಟೋ ಮೇಲು, ನಿಪ್ಪಲ್‌ನ ಸಂದಿಯಲ್ಲಿ ಕೊಳೆ ಉಳಿಯುವಂತೆ ಇದರಲ್ಲಿ ಉಳಿಯುವುದಿಲ್ಲ. ಹಿಂಡಿದ ಹಾಲು ಹೊರಗೆ 4 ಗಂಟೆ ಇರುತ್ತದೆ. ಏಪ್ರಿಲ್ ಬಿಸಿಲಿಗೆ ಕಾಯುವ ಶೀಟಿನ ಮನೆಯಲ್ಲಾದರೆ ಕೂಡಲೇ ಕುಡಿಸಿಬಿಡಿ. ಕೂಸನ್ನು ಅರ್ಧ ಕೂರಿಸಿದಂತೆ ಹಿಡಿದು, ಒಳಲೆಯ ಮೂತಿಯನ್ನು ತುಟಿಯಂಚಿಗೆ ತಾಗಿಸಿ, ಅದು ತಾನೇ ನುಂಗುವಷ್ಟು ಮಾತ್ರ ಬಿಡಿ. ಮಲಗಿಸಿ ಸುರಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಸಣ್ಣ ಕೂಸಿಗೆ ಕಾಂಗರೂ ಆರೈಕೆಯಷ್ಟು ಕೆಲಸಕ್ಕೆ ಬರುವುದು ಇನ್ನೊಂದಿಲ್ಲ. ಇನ್‌ಕ್ಯುಬೇಟರ್ ಸಾಲದೆ ಹೋದಾಗ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದ ಕ್ರಮ ಇದು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಊರೂರಿಗೆ ತಲುಪಿಸುವ ಅಧ್ಯಯನ ನಡೆದಿದೆ. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೇನೂ ಬೇಡ. ತಾಯಿ ಮುಂದೆ ಬಿಚ್ಚುವ ರವಿಕೆ ಅಥವಾ ನೈಟಿ ಹಾಕಿ, ದಿಂಬಿಗೆ ಒರಗಿ ಕೂರಲಿ. ಕೂಸನ್ನು ಎರಡು ಮೊಲೆಗಳ ನಡುವೆ ನೆಟ್ಟಗೆ, ಎದೆಗೆ ಎದೆ ತಾಗುವಂತೆ ಇಟ್ಟು, ಕಾಲುಗಳನ್ನು ಕಪ್ಪೆಯ ಹಾಗೆ ಅಗಲಿಸಿ ಮಡಚಿ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ. ಗದ್ದ ಎದೆಗೆ ಅಂಟಿದರೆ ಉಸಿರುದಾರಿ ಮುಚ್ಚುತ್ತದೆ, ಆದ್ದರಿಂದ ತಲೆ ಸ್ವಲ್ಪವೇ ಹಿಂದಕ್ಕಿರಲಿ. ಹಳೆಯ ಕಾಟನ್ ಸೀರೆಯಿಂದ ಸುತ್ತಿ ಕಟ್ಟುವಾಗ ಮೇಲಂಚು ಕೂಸಿನ ಕಿವಿಯ ಕೆಳಗೆ ಬರಬೇಕು. ಬಿಗಿ ಎದೆಯ ಮೇಲಿರಲಿ, ಹೊಟ್ಟೆಯ ಮೇಲೆ ಬೇಡ. ಹಸುಗೂಸು ಉಸಿರಾಡುವುದು ಹೊಟ್ಟೆಯಿಂದ. ಒಂದು ಸಲ ಇಟ್ಟರೆ ಒಂದು ಗಂಟೆಯಾದರೂ ಇರಲಿ, ದಿನಕ್ಕೆ ಒಟ್ಟು 8 ಗಂಟೆಗೆ ಕಡಿಮೆಯಾಗದಿರಲಿ. ತಾಯಿ ಸುಸ್ತಾದಾಗ ಸೋಂಕಿಲ್ಲದ ಅಪ್ಪನೋ ಅಜ್ಜಿಯೋ ಎದೆಗೆ ಹಾಕಿಕೊಳ್ಳಬಹುದು.

ಹೊಟ್ಟೆ, ಪಾದ ಎರಡನ್ನೂ ಆಗಾಗ ಮುಟ್ಟಿ ನೋಡಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕೂಸಿಗೆ ಚಳಿಯಾಗುತ್ತಿದೆ, ಕೂಡಲೇ ಎದೆಗೆ ಹಾಕಿ. ಎರಡೂ ತಣ್ಣಗಿದ್ದರೆ ಎದೆಗೆ ಹಾಕಿಕೊಂಡೇ ಆಸ್ಪತ್ರೆಗೆ ಹೊರಡಿ. ಡಿಸೆಂಬರ್ ಚಳಿಗೆ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಸಾಂಬ್ರಾಣಿ ಹಾಕುವ ರೂಢಿ ದಯವಿಟ್ಟು ಬಿಡಿ, ಆ ಹೊಗೆ ಕೂಸಿನ ಉಸಿರಿಗೂ ಕೆಮ್ಮುವ ಬಾಣಂತಿಗೂ ಕೆಟ್ಟದ್ದು. ಹೊಕ್ಕುಳಿಗೆ ಹರಳೆಣ್ಣೆ, ಅರಿಸಿನ ಹಚ್ಚಬೇಡಿ, ಒಣಗಲು ಬಿಡಿ. ಬಜೆ, ಜೇನುತುಪ್ಪ ನೆಕ್ಕಿಸಬೇಡಿ. ಮೊದಲ 24 ಗಂಟೆ ಸ್ನಾನ ಬೇಡ. ತೂಕ ಕಡಿಮೆಯಿದ್ದರೆ ಇನ್ನೂ ತಡೆದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬರಲಾಗದಿದ್ದರೆ ಫೋನಿನಲ್ಲೇ ಮಾತಾಡಿ, ಆದರೆ ಉಸಿರು ಎಣಿಸುವುದನ್ನು ನೀವೇ ಕಲಿಯಿರಿ. ಕೂಸು ಅಳದೆ ಇರುವಾಗ ಹೊಟ್ಟೆಯ ಏರಿಳಿತವನ್ನು ಪೂರಾ ಒಂದು ನಿಮಿಷ ಎಣಿಸಿ. 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಮತ್ತೆ ಅಷ್ಟೇ ಬಂದರೆ ತಡ ಮಾಡಬೇಡಿ. ಹಾಲು ಕುಡಿಯದಿರುವುದು, ಎದೆಗೂಡು ಒಳಕ್ಕೆ ಸೆಳೆಯುವುದು, ಫಿಟ್ಸ್, ಎಬ್ಬಿಸಿದರೂ ಮಂಕಾಗಿರುವುದು, 37.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಜ್ವರ, ಮೊದಲ ದಿನವೇ ಕಾಣುವ ಅಥವಾ ಅಂಗೈ-ಅಂಗಾಲಿಗೂ ಇಳಿದ ಕಾಮಾಲೆ, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕಾಯಿಲೆಯ ಮಗುವಿಗೆ ಚಿಕಿತ್ಸೆ, ಓಡಾಟ ಎರಡೂ ಉಚಿತ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯೋ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೋ, ಎಲ್ಲಿಗೇ ಹೋದರೂ ತಾಯಿಗೆ ಪಾಸಿಟಿವ್ ಎಂಬುದನ್ನು ಬಾಗಿಲಲ್ಲೇ ಹೇಳಿ, ತಾಯಿ ಕಾರ್ಡ್ (ತಾಯಿ-ಮಗುವಿನ ತಪಾಸಣೆ, ಲಸಿಕೆ ಬರೆಯುವ ಕಾರ್ಡ್) ಇಟ್ಟುಕೊಳ್ಳಿ, ದಾರಿಯುದ್ದಕ್ಕೂ ಕೂಸು ಎದೆಯ ಮೇಲೇ ಇರಲಿ.

ಡಿಸ್ಚಾರ್ಜ್ ಆಗುವ ಮೊದಲು ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಹಾಕಿದ್ದು ತಾಯಿ ಕಾರ್ಡ್‌ನಲ್ಲಿ ಬರೆದಿದೆಯೇ ನೋಡಿಕೊಳ್ಳಿ. ಹೆಪಟೈಟಿಸ್ ಬಿ 24 ಗಂಟೆಯೊಳಗೇ ಆಗಬೇಕು. ಮುಂದಿನದು ಆರು ವಾರಕ್ಕೆ. ಅದು ತಪ್ಪಿಹೋದರೆ, ಮುಂದಿನ ಲಸಿಕೆ ದಿನವೇ ಹಾಕಿಸಿ.