ಮನೆಗೊಂದೇ ಫೋನು ಇರುವಾಗ ಮಕ್ಕಳಿಗೆ ಆ್ಯಪ್ ಬರೆಯುವುದು

ಶಾಲೆ ಮಕ್ಕಳಿಗೆ ಗಣಿತ, ಕನ್ನಡ ಕಲಿಸುವ ಆ್ಯಪ್ ಬರೆಯುವುದು ನನ್ನ ಕೆಲಸ. ಊರು ಕಲಬುರಗಿ. ಆ್ಯಪ್ ಬಳಸುವವರು ಆಳಂದ, ಚಿಂಚೋಳಿ, ಸೇಡಂ, ಜೇವರ್ಗಿ ಕಡೆಯ ಸರ್ಕಾರಿ ಶಾಲೆಗಳ ಮಕ್ಕಳು, ನಾಲ್ಕನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ. ಈ ಕೆಲಸಕ್ಕೆ ಹೊಸದಾಗಿ ಇಳಿದವರು ಏನಾದರೂ ಹೇಳಿ ಅಂದರೆ ನಾನು ಹೇಳುವುದು ಇಷ್ಟು: ಕೋಡ್ ಬರೆಯುವ ಮುಂಚೆ ಆ ಮನೆಯ ಫೋನು ಬೆಳಗಿನಿಂದ ರಾತ್ರಿವರೆಗೆ ಎಲ್ಲೆಲ್ಲಿ ಓಡಾಡುತ್ತದೆ ಅಂತ ನೋಡಿಕೊಂಡು ಬನ್ನಿ. ನನ್ನ ಆ್ಯಪ್‌ನ ದೊಡ್ಡ ನಿರ್ಧಾರಗಳೆಲ್ಲ ಹುಟ್ಟಿದ್ದು ಹಾಗೆ ನೋಡಿದ್ದರಿಂದಲೇ.

ನಾನು ಹೋಗುವ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇರುವುದು ಸಾಮಾನ್ಯವಾಗಿ ಒಂದು. ಬೆಳಿಗ್ಗೆ ಅದು ಅಪ್ಪನ ಕಿಸೆಯಲ್ಲಿ ಹೊಲಕ್ಕೋ, ಗಂಜ್ ಅಂದರೆ ಧಾನ್ಯದ ಮಾರುಕಟ್ಟೆಗೋ ಹೊರಡುತ್ತದೆ. ಸಂಜೆ ವಾಪಸ್ ಬರುವಾಗ ಚಾರ್ಜ್ ತಳ ಕಂಡಿರುತ್ತದೆ. ಚಾರ್ಜಿಗೆ ಹಾಕಿದರೆ ಕರೆಂಟ್ ಇರಬೇಕು. ಆಮೇಲೆ ಅಮ್ಮ ತವರಿಗೆ ಕಾಲ್ ಮಾಡಬೇಕು, ಅಣ್ಣ ರೀಲ್ಸ್ ನೋಡಬೇಕು. ಇವೆಲ್ಲದರ ನಡುವೆ ಸಿಗುವ ಸಂದಿನಲ್ಲಿ ಮಗು ಕೂತು ಭಿನ್ನರಾಶಿ ಕಲಿಯಬೇಕು. ಮೆಮೊರಿ ತುಂಬ ಗುಡ್ ಮಾರ್ನಿಂಗ್ ಫೋಟೋ, ಮದುವೆ ವಿಡಿಯೋ. ದುಡಿಯಲು ಅಪ್ಪ ಪುಣೆಗೋ ಹೈದರಾಬಾದಿಗೋ ಹೋದರೆ ಫೋನೂ ಅವರ ಜೊತೆ ಹೋಯಿತು, ತಿಂಗಳುಗಟ್ಟಲೆ ಬರುವುದಿಲ್ಲ.

ಈ ಫೋನಿಗೆ ಲಾಗಿನ್, ಪಾಸ್‌ವರ್ಡ್, ಓಟಿಪಿ ಯಾವುದೂ ಹೊಂದುವುದಿಲ್ಲ. ರೀಚಾರ್ಜ್ ಮುಗಿದಿರುತ್ತದೆ, ಇಲ್ಲ ಸಿಮ್ ಬದಲಾಗಿರುತ್ತದೆ. ಹಾಗಾಗಿ ಆ್ಯಪ್ ತೆರೆದ ಕೂಡಲೇ ನಾಲ್ಕು ಚಿತ್ರ ಬರುತ್ತವೆ: ಎತ್ತು, ನವಿಲು, ಬಂಡಿ, ಸೂರ್ಯಕಾಂತಿ. ಅಕ್ಕನದು ನವಿಲು, ತಮ್ಮನದು ಎತ್ತು. ತಮ್ಮ ತಮ್ಮ ಚಿತ್ರ ಮುಟ್ಟಿದರೆ ಅವರವರ ಪಾಠ. ಪಕ್ಕದ ಮನೆಯ ಹುಡುಗ ಬಂದರೆ ಅವನಿಗೂ ಒಂದು ಬಂಡಿ ಉಳಿದಿರುತ್ತದೆ. ಆಟದ ಮಧ್ಯೆ ಕಾಲ್ ಬಂದರೆ ಆಂಡ್ರಾಯ್ಡ್ ಹಿಂದಿನ ಆ್ಯಪ್ ಮುಚ್ಚಿಬಿಡಬಹುದು, 2 ಜಿಬಿ ರ್‍ಯಾಮ್ ಇರುವ ಹಳೆ ಫೋನುಗಳಲ್ಲಿ ಇದು ಜಾಸ್ತಿ. ಅದಕ್ಕೇ ಮಗು ಕೊಡುವ ಒಂದೊಂದು ಉತ್ತರವೂ ಆ ಕ್ಷಣವೇ ಫೋನಿನೊಳಗೇ ಇರುವ ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್‌ಗೆ ಸೇರುತ್ತದೆ. 'ಸೇವ್' ಅನ್ನುವ ಗುಂಡಿ ಎಲ್ಲೂ ಇಲ್ಲ. ಮಾವನ ಕಾಲ್ ಅರ್ಧ ಗಂಟೆ ನಡೆದರೂ ಬಿಟ್ಟ ಲೆಕ್ಕ ಅಲ್ಲೇ ಕಾಯುತ್ತದೆ.

ಪುನರಾವರ್ತನೆಗೆ ನಾನು ಬಳಸುವುದು ಜರ್ಮನ್ ಲೇಖಕ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯ ಮಾಡಿದ ಡಬ್ಬಿಗಳ ಕ್ರಮ. ಸರಿಯಾಗಿ ಉತ್ತರಿಸಿದ ಪ್ರಶ್ನೆ ಮುಂದಿನ ಡಬ್ಬಿಗೆ ಹೋಗುತ್ತದೆ, ತಪ್ಪಿದ್ದು ಮೊದಲನೆಯದಕ್ಕೆ ಬರುತ್ತದೆ. ಮುಂದಿನ ಡಬ್ಬಿಗಳನ್ನು ತೆರೆಯುವುದು ಅಪರೂಪ. ಸಾಮಾನ್ಯವಾಗಿ ಇದನ್ನು ದಿನದ ಲೆಕ್ಕದಲ್ಲಿ ನಡೆಸುತ್ತಾರೆ: ನಾಳೆ, ಮೂರು ದಿನ ಬಿಟ್ಟು, ವಾರ ಬಿಟ್ಟು. ನಮ್ಮಲ್ಲಿ ದಿನದ ಲೆಕ್ಕ ನಡೆಯುವುದಿಲ್ಲ. ಫೋನು ಎರಡು ತಿಂಗಳು ಪುಣೆಯಲ್ಲಿದ್ದು ಬಂದರೆ ಎಲ್ಲ ಪ್ರಶ್ನೆಗಳೂ ಒಟ್ಟಿಗೆ ಬಾಕಿ ಬಿದ್ದು ಮಗುವಿನ ಮುಂದೆ ಗುಡ್ಡೆಯಾಗುತ್ತವೆ. ಬ್ಯಾಟರಿ ಪೂರ್ತಿ ಸತ್ತು ನೆಟ್‌ವರ್ಕ್ ಇಲ್ಲದೆ ಆನ್ ಆದ ಹಳೆ ಫೋನಿನಲ್ಲಿ ತಾರೀಕನ್ನೇ ನಂಬುವ ಹಾಗಿಲ್ಲ. ಅದಕ್ಕೆ ನಾನು ದಿನ ಬಿಟ್ಟು 'ಸರದಿ' ಎಣಿಸುತ್ತೇನೆ. ಮಗು ಆ್ಯಪ್ ತೆರೆದು ಕೂತರೆ ಒಂದು ಸರದಿ. ಎರಡನೇ ಡಬ್ಬಿ ಎರಡು ಸರದಿಗೊಮ್ಮೆ, ಮೂರನೆಯದು ನಾಲ್ಕು ಸರದಿಗೊಮ್ಮೆ. ಒಂದು ಸರದಿಗೆ ಹನ್ನೆರಡು ಪ್ರಶ್ನೆ, ಅದರ ಮೇಲೆ ಒಂದೂ ಇಲ್ಲ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಗೆ ಮನೆಮಂದಿಯೆಲ್ಲ ಹೊಲದಲ್ಲಿದ್ದು, ಆಮೇಲೆ ಫೋನು ಕೈಗೆ ಸಿಕ್ಕರೂ ಮಗುವಿನ ಮುಂದೆ ಬರುವುದು ಆ ಹನ್ನೆರಡೇ.

ಹನ್ನೆರಡು ಮುಗಿದ ಮೇಲೆ ಪರದೆ ಮೇಲೆ ಬರುವುದು 'ಇವತ್ತಿಗೆ ಸಾಕು, ಫೋನು ಕೊಟ್ಟು ಬಾ'. ಇನ್ನೊಂದು ಸುತ್ತು ಆಡಲು ಗುಂಡಿ ಇಲ್ಲ. ನಾಣ್ಯ ಇಲ್ಲ, ನಕ್ಷತ್ರ ಇಲ್ಲ, ಸತತ ಇಷ್ಟು ದಿನ ಆಡಿದೆ ಅಂತ ಉರಿಯುವ ಬೆಂಕಿಯ ಚಿತ್ರವೂ ಇಲ್ಲ. ಈ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಅಪ್ಪ ತೊಗರಿ ಮಾರಲು ಗಂಜ್‌ಗೆ ಹೋಗಿ ರಾತ್ರಿ ಉಳಿದರೆ ಮಗುವಿಗೆ ಫೋನು ಸಿಗುವುದಿಲ್ಲ. ಮರುದಿನ ತೆರೆದರೆ ಬೆಂಕಿ ಆರಿರುತ್ತದೆ. ಹತ್ತು ವರ್ಷದ ಮಗು ಅದನ್ನು ತನ್ನದೇ ತಪ್ಪು ಅಂದುಕೊಳ್ಳುತ್ತದೆ. ಕಲಿಯುವ ಆಸೆ ಇರುವ ಮಗುವಿಗೆ ಅದು ಅನ್ಯಾಯ. ಪರದೆ ಮುಂದೆ ಮಕ್ಕಳನ್ನು ಎಷ್ಟು ಹೊತ್ತು ಕೂರಿಸಿದೆವು ಅನ್ನುವುದನ್ನು ಸಾಧನೆ ಅಂತ ತೋರಿಸುವ ಸಾಫ್ಟ್‌ವೇರ್ ನಾನು ಬರೆಯುವುದಿಲ್ಲ.

ಆಳಂದ ಕಡೆಯ ಒಬ್ಬ ತಾಯಿ ಹೇಳಿದ ಮಾತು ಇದಕ್ಕೆ ನೇರವಾಗಿ ಸಂಬಂಧಪಟ್ಟದ್ದು. "ಬ್ಯಾರೆ ಏನರ ನೋಡ್ಲಿಕ್ಕೆ ಕೊಟ್ರ ಫೋನ್ ಕಸಗೋಬೇಕಾಗ್ತದ್ರಿ, ಅಳ್ತಾನ. ಇದು ಮುಗೀತಂದ್ರ ತಾನೇ ತಂದು ಕೊಡ್ತಾನ. ಅದಕ್ಕ ಕೇಳಿದಾಗೆಲ್ಲ ಕೊಡ್ತೀನ್ರಿ." ಆ್ಯಪ್ ಬೇಗ ಮುಗಿಯುವುದರಿಂದಲೇ ಅದು ಮತ್ತೆ ಮತ್ತೆ ತೆರೆದುಕೊಳ್ಳುತ್ತಿದೆ. ಮನೆಯವರ ನಂಬಿಕೆ ಇಲ್ಲದೆ ಒಂದೇ ಫೋನಿರುವ ಮನೆಯಲ್ಲಿ ಯಾವ ಪಾಠವೂ ಮಗುವಿನ ಕೈಗೆ ಬರುವುದಿಲ್ಲ.

ಇನ್ನು ಪಾಠದ ವಿಷಯ. ಭಿನ್ನರಾಶಿ ಅಂದರೆ ಇಲ್ಲಿ ಆರನೇ ಕ್ಲಾಸಿನ ಮಕ್ಕಳೂ ಹೆದರುತ್ತಾರೆ. ಆದರೆ ಅದೇ ಮಕ್ಕಳು ಭಾನುವಾರ ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂತಿರುತ್ತಾರೆ. ಒಬ್ಬ ಹುಡುಗಿಯನ್ನು ಅಂಗಡಿಯಲ್ಲಿ ನೋಡಿದೆ. ಗಿರಾಕಿ ಅರ್ಧ ಕೆಜಿ ಬೇಳೆ ತೂಗಿಸಿಕೊಂಡು, "ಇನ್ನಾ ಪಾವ್ ಕೆಜಿ ಹಾಕವಾ" ಅಂದರು. ಪಾವ್ ಕೆಜಿಗೆ, ಅಂದರೆ ಕಾಲು ಕೆಜಿಗೆ, ಬೇರೆ ಕಲ್ಲಿಲ್ಲ. ಅವಳು 500 ಗ್ರಾಂ ಕಲ್ಲಿನ ಜೊತೆ 200, 50 ಗ್ರಾಮಿನ ಎರಡನ್ನೂ ಇಟ್ಟು, ಬೇಳೆ ಸುರಿದು, ಮುಕ್ಕಾಲು ಕೆಜಿಯ ರೊಕ್ಕ ಹೇಳಿದಳು. ಅದೇ ಹುಡುಗಿ ಪಾಟಿಯ ಮೇಲೆ ½ + ¼ = 2/6 ಅಂತ ಬರೆದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಳು.

ಇದು ನಮ್ಮ ಕಡೆ ಮಾತ್ರ ಕಾಣುವ ಸಂಗತಿ ಅಂದುಕೊಳ್ಳಬೇಡಿ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿಯಲ್ಲಿ ಮಾರುವ ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಆ ಮಕ್ಕಳು ಸುಮಾರು 98% ಸರಿ ಹೇಳಿದ್ದರು. ಅಂಥದೇ ಲೆಕ್ಕವನ್ನು ಬರೀ ಅಂಕಿಗಳಲ್ಲಿ ಕೊಟ್ಟಾಗ ಸರಿ ಬಂದದ್ದು 37% ಮಾತ್ರ. ನೋಡಿದ್ದು ಐದೇ ಮಕ್ಕಳನ್ನು. ಆದರೂ ಅಂಗಡಿಯ ಲೆಕ್ಕಕ್ಕೂ ಪಾಟಿಯ ಲೆಕ್ಕಕ್ಕೂ ನಡುವೆ ದಾರಿ ಕಡಿದುಹೋಗಿರುವುದನ್ನು ಅದು ಚೆನ್ನಾಗಿ ತೋರಿಸುತ್ತದೆ. ಆ ದಾರಿ ಜೋಡಿಸುವ ಕೆಲಸ ಸಾಫ್ಟ್‌ವೇರ್ ಮಾಡಬಲ್ಲದು ಅನ್ನುವುದು ನನ್ನ ನಂಬಿಕೆ.

ಅದಕ್ಕೆ ನಾನು ಮಾಡಿದ್ದು ತಕ್ಕಡಿ ಆಟ. ಮೊದಲ ಹಂತದಲ್ಲಿ ಭಿನ್ನರಾಶಿ ಬರವಣಿಗೆಯೇ ಇಲ್ಲ. ಒಂದು ತಟ್ಟೆಯಲ್ಲಿ ತೊಗರಿಬೇಳೆ, ಇನ್ನೊಂದಕ್ಕೆ ಮಗು ಕಲ್ಲು ಎಳೆದು ಹಾಕಬೇಕು. ಎರಡನೇ ಹಂತದಲ್ಲಿ ತಕ್ಕಡಿಯ ಕೆಳಗೆ ಒಂದು ಉದ್ದ ಪಟ್ಟಿ ಬರುತ್ತದೆ. ಪಟ್ಟಿ ಪೂರ್ತಿ ಅಂದರೆ ಒಂದು ಕೆಜಿ. ಅರ್ಧ ಕೆಜಿ ಹಾಕಿದರೆ ಪಟ್ಟಿಯ ಅರ್ಧಕ್ಕೆ ಬಣ್ಣ. ಪಾವ್ ಸೇರಿಸಿದ ಕೂಡಲೇ ಇಡೀ ಪಟ್ಟಿ ನಾಲ್ಕು ಮನೆಯಾಗಿ ಒಡೆಯುತ್ತದೆ, ಅರ್ಧ ಇದ್ದದ್ದು ಎರಡು ಮನೆ ಅಂತ ಮಗುವಿನ ಕಣ್ಣೆದುರೇ ಕಾಣುತ್ತದೆ. ಅಂಕಿಯ ರೂಪ ಆಮೇಲೆ.

ಮಗು 2/6 ಅಂತ ಬರೆದರೆ ಕೆಂಪು ಗುಣಾಕಾರ ಚಿಹ್ನೆ ಬರುವುದಿಲ್ಲ. ಆ್ಯಪ್ ಅದನ್ನೇ ತೂಗಿ ತೋರಿಸುತ್ತದೆ. ಒಂದು ಕೆಜಿಯ 2/6 ಅಂದರೆ ಸುಮಾರು 333 ಗ್ರಾಂ. 500ರ ಕಲ್ಲಿನ ಕಡೆ ತಕ್ಕಡಿ ವಾಲುತ್ತದೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ? ಇಲ್ಲಿಗೆ ಬಂದ ಮಕ್ಕಳು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾರೆ, ಆಮೇಲೆ ತಾವೇ ಅಳಿಸುತ್ತಾರೆ. ಉತ್ತರ ಹೇಳಿಕೊಡುವ ಗುಂಡಿಯನ್ನು ಈ ಪುಟದಲ್ಲಿ ಬೇಕಂತಲೇ ಇಟ್ಟಿಲ್ಲ.

ಆಟದ ಕೊನೆಗೆ ಮಳಖೇಡದ ಬಗ್ಗೆ ಒಂದು ಪುಟ ಇದೆ. ಸೇಡಂ ತಾಲ್ಲೂಕಿನ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು. ಛೇದಗಳನ್ನು ಸಮ ಮಾಡಲು ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಬಳಸುವ ಕ್ರಮ ಅದರಲ್ಲಿದೆ. ನಮ್ಮ ಮಕ್ಕಳು ಇಂದು ಕಲಿಯುತ್ತಿರುವುದು ಅದನ್ನೇ, ಅಲ್ವಾ? ಸೇಡಂ ಕಡೆಯ ಮಕ್ಕಳು ಈ ಪುಟವನ್ನು ಮನೆಯವರಿಗೆ ತೋರಿಸುತ್ತಾರೆ ಅಂತ ಅವರ ಟೀಚರ್ ಹೇಳಿದಾಗ ನನಗೆ ತುಂಬ ಖುಷಿಯಾಯಿತು.

ಕನ್ನಡ ಪಾಠಗಳಲ್ಲಿ ತಲೆ ಹೆಚ್ಚು ಓಡಿಸಬೇಕಾದದ್ದು ಅಕ್ಷರ ಬಿಡಿಸುವ ಕಡೆ. 'ರೊಟ್ಟಿ' ಮಗುವಿಗೆ ಎರಡು ಅಕ್ಷರ. ಕಂಪ್ಯೂಟರ್ ಅಕ್ಷರ ಇಟ್ಟುಕೊಳ್ಳುವ ಯೂನಿಕೋಡ್ ಕ್ರಮದಲ್ಲಿ ಅದು ಆರು ತುಂಡು: ರ, ಒತ್ವ, ಟ, ಹಲಂತ (ಸ್ವರ ತೆಗೆಯುವ ಗುರುತು), ಇನ್ನೊಂದು ಟ, ಗುಡಿಸು. ಅಕ್ಷರ ಜೋಡಿಸುವ ಆಟದಲ್ಲಿ ಈ ತುಂಡುಗಳನ್ನೇ ಬಿಡಿ ಬಿಡಿಯಾಗಿ ಕೊಟ್ಟರೆ ಮಗು ಕಂಗಾಲಾಗುತ್ತದೆ. ಸಿದ್ಧವಾಗಿ ಸಿಗುವ ಕೋಡ್ ಲೈಬ್ರರಿಗಳು ಹಲಂತದ ಹತ್ತಿರ ಕತ್ತರಿಸಿ 'ರೊ', 'ಟ್', 'ಟಿ' ಅಂತ ಕೊಡುವುದುಂಟು. ಹಾಗಾಗಿ ಬಿಡಿಸುವ ಕೋಡ್ ನಾನೇ ಬರೆದುಕೊಂಡೆ. ಹಲಂತದ ಮುಂದೆ ವ್ಯಂಜನ ಬಂದರೆ ಎರಡನ್ನೂ ಒಂದೇ ಅಕ್ಷರಕ್ಕೆ ಸೇರಿಸು, ನಡುವೆ ಅಕ್ಷರ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಗುರುತು ಇದ್ದರೆ ಬಿಡಿಸು. 'ಸಾಫ್ಟ್‌ವೇರ್' ಪದದಲ್ಲಿ ವೇ ಒತ್ತಾಗಿ ಕೆಳಗಿಳಿಯದೆ ನಿಲ್ಲುವುದು ಅದರಿಂದಲೇ.

ಇನ್ನೊಂದು ತೊಡಕು 'ಜೋಳ'ದಂಥ ಪದಗಳದ್ದು. ಅದರ ಸ್ವರ ಚಿಹ್ನೆ ಒಂದೇ ತುಂಡಾಗಿ ಇರಬಹುದು, ಮೂರು ತುಂಡು ಸೇರಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಎನ್‌ಎಫ್‌ಸಿ ನಾರ್ಮಲೈಸೇಶನ್, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತರುವ ಕೆಲಸ, ಮಾಡದೆ ಹೋಲಿಸಿದರೆ ಸರಿಯಾಗಿ ಬರೆದ ಮಗುವಿಗೆ 'ತಪ್ಪು' ಅಂತ ಬರುತ್ತದೆ. ಕಲಿಕೆಯ ಆ್ಯಪ್ ಬರೆಯುವ ಎಲ್ಲರೂ ಮೊದಲ ದಿನವೇ ಹಾಕಬೇಕಾದ ಸಾಲು ಇದು. ಅಕ್ಷರದ ಫಾಂಟ್ ಆ್ಯಪ್ ಜೊತೆಗೇ ಹೋಗುತ್ತದೆ, ನೋಟೋ ಸಾನ್ಸ್ ಕನ್ನಡ. ಸಾಲಿನ ಎತ್ತರ ಸ್ವಲ್ಪ ಜಾಸ್ತಿ ಇಡುತ್ತೇನೆ, ಇಲ್ಲದಿದ್ದರೆ ಒತ್ತಿನ ಕಾಲು ಕತ್ತರಿಸಿ ಹೋಗುತ್ತದೆ. ಟೀಚರ್‌ಗಳು ಕೊಡುವ ಪ್ರಶ್ನೆಪತ್ರಿಕೆ ಹಳೆ ನುಡಿ ಫಾಂಟಿನಲ್ಲಿದ್ದರೆ ಯೂನಿಕೋಡ್‌ಗೆ ಬದಲಿಸಿ, ಅರ್ಕಾವತ್ತು ಇರುವ ಪದಗಳನ್ನೆಲ್ಲ ಒಮ್ಮೆ ಕಣ್ಣಾಡಿಸುತ್ತೇನೆ.

ಧ್ವನಿ ಚಿತ್ತಾಪುರ ಕಡೆಯ ಒಬ್ಬ ಟೀಚರದು. ಪರದೆ ಮೇಲೆ ಪುಸ್ತಕದ ಕನ್ನಡ, ಕಿವಿಗೆ ಊರಿನ ಮಾತು. 'ತಕ್ಕಡಿಯಲ್ಲಿ ಎಷ್ಟು ತೂಕವಿದೆ?' ಅಂತ ಬರೆದಿರುವಲ್ಲಿ ಅವರು "ತಕ್ಕಡ್ಯಾಗ ಎಷ್ಟು ತೂಕ ಅದ, ನೋಡಿ ಹೇಳು" ಅನ್ನುತ್ತಾರೆ. ಒಬ್ಬ ಹೆಡ್‌ಮಾಸ್ತರರು ಇದಕ್ಕೆ ಒಪ್ಪಲಿಲ್ಲ. "ಸಾಲ್ಯಾಗರ ಶುದ್ಧ ಕನ್ನಡ ಕೇಳ್ಬೇಕಲ್ರಿ ಸರ" ಅಂದರು. ಅವರ ಕಾಳಜಿ ನಿಜವಾದದ್ದು. ಆದರೆ ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಾರೆ, ಎಷ್ಟೋ ಮಕ್ಕಳ ಮನೆಮಾತು ಉರ್ದು. ಓಣಿಯಲ್ಲಿ ಕಿವಿಗೆ ಬಿದ್ದ ಕನ್ನಡವೇ ಅವರಿಗೆ ಹತ್ತಿರದ ಕನ್ನಡ. ಲೆಕ್ಕ ಕಲಿಯುವ ಹೊತ್ತಿಗೆ ಪ್ರಶ್ನೆ ಅರ್ಥವಾಗಲೇಬೇಕು. ಓದುವ ಪಾಠದಲ್ಲಿ ಮಾತ್ರ ಹೆಡ್‌ಮಾಸ್ತರರ ಮಾತು ಒಪ್ಪಿ, ಧ್ವನಿಯನ್ನೂ ಪುಸ್ತಕದಂತೆಯೇ ಇಟ್ಟಿದ್ದೇನೆ. ರೆಕಾರ್ಡಿಂಗ್ ಎಲ್ಲ ಓಪಸ್ ಅನ್ನುವ, ಕಡಿಮೆ ಜಾಗ ಹಿಡಿಯುವ ಧ್ವನಿ ಫೈಲಿನ ರೂಪದಲ್ಲಿ, 24 ಕೆಬಿಪಿಎಸ್, ಮೋನೋ. ಸೆಕೆಂಡಿಗೆ 3 ಕೆಬಿ ಬೀಳುತ್ತದೆ. ಐದು ಸೆಕೆಂಡಿನ ಸಾವಿರ ವಾಕ್ಯ ಹಾಕಿದರೂ 15 ಎಂಬಿಯೇ. ತುಂಬಿದ ಫೋನಿನಲ್ಲಿ ಇಷ್ಟಕ್ಕೆ ಜಾಗ ಸಿಗುತ್ತದೆ.

ಆ್ಯಪ್ ಹಂಚುವ ರೀತಿಯ ಬಗ್ಗೆ ಒಂದು ಮಾತು. ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ (ಒತ್ತಿದರೆ ನೇರವಾಗಿ ಫೋನಿಗೆ ಆ್ಯಪ್ ಹಾಕುವ ಫೈಲ್) ಕಳಿಸಿದರೆ ಎಲ್ಲರಿಗೂ ಸಲೀಸು. ನಾನು ಹಾಗೆ ಕಳಿಸುವುದಿಲ್ಲ. ಮದುವೆ ಕರೆಯೋಲೆ ಅಂತ, ಸರ್ಕಾರಿ ಯೋಜನೆ ಅಂತ ಬರುವ ಎಪಿಕೆ ಒತ್ತಿ ಜನ ಬ್ಯಾಂಕಿನ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಪಾಠದ ಹೆಸರಲ್ಲಿ ಆ ರೂಢಿ ಹಚ್ಚಬಾರದು. ಪಾಲಕರ ಸಭೆಯ ದಿನ ಟೀಚರ್ ಹಾಟ್‌ಸ್ಪಾಟ್ ಕೊಡುತ್ತಾರೆ, ಅಲ್ಲೇ ಪ್ಲೇ ಸ್ಟೋರ್‌ನಿಂದ ಹಾಕಿಸುತ್ತೇವೆ. ಆಮೇಲೆ ನೆಟ್ ಬೇಡ. ಆ್ಯಪ್‌ಗೆ ಇಂಟರ್ನೆಟ್ ಅನುಮತಿಯೇ ಇಲ್ಲ, ಆದ್ದರಿಂದ ಮಗುವಿನ ಯಾವ ಮಾಹಿತಿಯೂ ಅಲ್ಲಿಂದ ನನಗೆ ಬರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು ಅನ್ನುತ್ತದೆ. ಮಾಹಿತಿಯನ್ನೇ ತೆಗೆದುಕೊಳ್ಳದಿದ್ದರೆ ಆ ಚಿಂತೆಯೂ ಇಲ್ಲ. ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ತಿಳಿಯಬೇಕಾದರೆ ನಾನು ಬಸ್ ಹತ್ತಿ ಹೋಗಿ ಪಕ್ಕದಲ್ಲಿ ಕೂತು ನೋಡುತ್ತೇನೆ. ಅಂಗಡಿಯ ಆ ಹುಡುಗಿ ಕಂಡದ್ದೂ ಹಾಗೇ.

ಈ ಕೆಲಸ ನಮ್ಮ ಮನೆಯನ್ನೂ ಬದಲಿಸಿದೆ. ಊಟದ ಹೊತ್ತಿಗೆ ಎಲ್ಲರ ಫೋನೂ ಪಡಸಾಲೆಯ ಚಾರ್ಜರ್ ಹತ್ತಿರ ಇರುತ್ತವೆ, ನನ್ನದೂ ಸೇರಿ.

ಮುಂದಿನ ಕೆಲಸ ಬೀದರ ಜಿಲ್ಲೆಯ ಔರಾದ ಕಡೆಯದು. ಅಲ್ಲಿ ಮನೆಯಲ್ಲಿ ಮರಾಠಿ ಆಡುವ ಮಕ್ಕಳು ಬಹಳ. ಅವರಿಗೆ ಬೇರೆ ಧ್ವನಿ ಬೇಕು, ಪ್ರಶ್ನೆಗಳೂ ಇನ್ನಷ್ಟು ಚಿಕ್ಕದಾಗಬೇಕು. ಅಲ್ಲಿನ ಟೀಚರ್ ಒಬ್ಬರು ದನಿ ಕೊಡಲು ಒಪ್ಪಿದ್ದಾರೆ. ದೀಪಾವಳಿ ಸುಟಿಯಲ್ಲಿ ರೆಕಾರ್ಡಿಂಗ್ ಇಟ್ಟುಕೊಂಡಿದ್ದೇವೆ, ಮೊದಲು ತಕ್ಕಡಿ ಆಟದ ವಾಕ್ಯಗಳು.