ಬ್ರೇಕ್ ತುಳಿದರೆ ಆರುತ್ತಿದ್ದ ದೀಪ: ಹಳೆಯ ಅಂಬಾಸಡರ್ ಕಾರಿನ ವೈರಿಂಗ್ ಸರಿಪಡಿಸಿದ ನನ್ನ ಅನುಭವ

ಕಳೆದ ಮಳೆಗಾಲದ ಒಂದು ರಾತ್ರಿ ಶಿವಮೊಗ್ಗದಿಂದ ಸಾಗರಕ್ಕೆ ಬರುತ್ತಿದ್ದಾಗ ಆನಂದಪುರದಲ್ಲಿ ಚಹಾ ಕುಡಿಯಲೆಂದು ಕಾರು ನಿಲ್ಲಿಸಿದೆ. ಹಿಂದೆಯೇ ಬಂದು ನಿಂತ ಲಾರಿಯ ಚಾಲಕರು ಇಳಿದು ಬಂದು, "ಸಾರ್, ನೀವು ಬ್ರೇಕ್ ಹಿಡಿದ್ರೆ ಎಡಗಡೆ ಲೈಟು ಪೂರ್ತಿ ಆರಿ ಹೋಗ್ತದೆ, ಸ್ವಲ್ಪ ನೋಡ್ಕೊಳ್ಳಿ" ಎಂದರು. ಅವರಿಗೆ ನಾನು ಇಂದಿಗೂ ಋಣಿ. ಡ್ರೈವರ್ ಸೀಟಿನಲ್ಲಿ ಕುಳಿತವನಿಗೆ ಹಿಂದಿನ ದೀಪ ಎಂದೂ ಕಾಣುವುದಿಲ್ಲ.

ನನ್ನದು 1978ರ ಅಂಬಾಸಡರ್ ಮಾರ್ಕ್ 3. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಬಂಡಿಯಾದ್ದರಿಂದ ವೈರುಗಳ ಬಣ್ಣಗಳೂ ಹಳೆಯ ಬ್ರಿಟಿಷ್ ಪದ್ಧತಿಯವೇ: ಟೈಲ್ ಲೈಟಿಗೆ ಕೆಂಪು, ಬ್ರೇಕ್ ಲೈಟಿಗೆ ಹಸಿರಿನ ಮೇಲೆ ನೇರಳೆ ಗೆರೆ, ಎಡ ಇಂಡಿಕೇಟರಿಗೆ ಹಸಿರಿನ ಮೇಲೆ ಕೆಂಪು, ಬಲಕ್ಕೆ ಹಸಿರಿನ ಮೇಲೆ ಬಿಳಿ, ಅರ್ಥಿಗೆ, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿಗೆ, ಕಪ್ಪು. ಇಷ್ಟು ವರ್ಷಗಳ ಧೂಳು ಮೆತ್ತಿಕೊಂಡ ಮೇಲೆ ಎಲ್ಲ ವೈರುಗಳೂ ಒಂದೇ ಕಂದು ಬಣ್ಣಕ್ಕೆ ತಿರುಗಿರುತ್ತವೆ; ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ ನೋಡಿದ ಮೇಲೆಯೇ ಬಣ್ಣವನ್ನು ನಂಬಬೇಕು.

ಮೊದಲು ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ, ಬಲ್ಬು ಬದಲಿಸಿದೆ. ಗುಣವಾಗಲಿಲ್ಲ. ಒಂದು ಗ್ಯಾರೇಜಿನಲ್ಲಿ ಬ್ರೇಕ್ ಲೈಟಿನ ಸ್ವಿಚ್ಚು ಹೋಗಿದೆ ಎಂದು ಹೇಳಿ ಅದನ್ನೂ ಬದಲಿಸಿದರು; ಆಗಲೂ ಗುಣವಾಗಲಿಲ್ಲ. ಈಗ ಯೋಚಿಸಿದರೆ ಆ ಸ್ವಿಚ್ಚನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಒಂದೇ ಸ್ವಿಚ್ಚು, ಒಂದೇ ಫ್ಯೂಸು ಎರಡೂ ಬದಿಯ ಬ್ರೇಕ್ ದೀಪಗಳಿಗೆ ಕರೆಂಟು ಕೊಡುವಾಗ, ಬಲಗಡೆಯ ದೀಪ ಚೆನ್ನಾಗಿ ಉರಿಯುತ್ತಿದೆ ಎಂದರೆ ಅವೆರಡೂ ಸರಿಯಾಗಿವೆ ಎಂದೇ ಅರ್ಥ. ದೋಷವಿರುವುದು ವೈರು ಎಡಕ್ಕೂ ಬಲಕ್ಕೂ ಕವಲೊಡೆದ ನಂತರದ ಭಾಗದಲ್ಲಿ.

ಒಂದು ಭಾನುವಾರ ಮಗನನ್ನು ಪೆಡಲಿನ ಬಳಿ ಕೂರಿಸಿ, ಕಾರಿನ ಹಿಂದೆ ಸ್ಟೂಲು ಹಾಕಿಕೊಂಡು ಕುಳಿತು ಲಕ್ಷಣಗಳನ್ನು ಒಂದೊಂದಾಗಿ ಬರೆದುಕೊಂಡೆ. ಪಾರ್ಕಿಂಗ್ ಲೈಟು ಮಾತ್ರ ಹಾಕಿದಾಗ ಎಡದೀಪ ಹೆಚ್ಚು ಕಡಿಮೆ ಸರಿಯಾಗಿಯೇ ಉರಿಯುತ್ತದೆ. ಪಾರ್ಕಿಂಗ್ ಆರಿಸಿ ಬ್ರೇಕ್ ಮಾತ್ರ ತುಳಿದರೆ ಬಲಗಡೆ ಪ್ರಖರ ಬೆಳಕು, ಎಡಗಡೆ ಮಾತ್ರ ಟೈಲ್ ಲೈಟಿನಷ್ಟೇ ಬೆಳಕು. ಎರಡನ್ನೂ ಒಟ್ಟಿಗೆ ಕೊಟ್ಟರೆ ಎಡಗಡೆ ಕತ್ತಲೆ. ಈ ಮೂರು ಸಾಲುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗಲೇ ಅರ್ಥ್ ಕಡಿದಿದೆ ಎಂಬುದು ಹೊಳೆಯಿತು.

ಆ ಬಲ್ಬಿನೊಳಗೆ ಎರಡು ತಂತಿಗಳಿವೆ: ಟೈಲಿಗೆ 5 ವ್ಯಾಟಿನದು, ಬ್ರೇಕಿಗೆ 21 ವ್ಯಾಟಿನದು. ಎರಡರ ಇನ್ನೊಂದು ತುದಿಯೂ ಬಲ್ಬಿನ ಹಿತ್ತಾಳೆಯ ಬುಡಕ್ಕೆ ಸೇರಿ, ಅಲ್ಲಿಂದ ಹೋಲ್ಡರ್ ಮೂಲಕ ಕಾರಿನ ಲೋಹದ ಮೈಗೆ ಹೋಗಬೇಕು. ಆ ದಾರಿ ಮುಚ್ಚಿದಾಗ ಕರೆಂಟು ಬೇರೆ ದಾರಿ ಹುಡುಕುತ್ತದೆ. 5 ವ್ಯಾಟಿನ ತಂತಿಯಿಂದ ಬಂದದ್ದು 21 ವ್ಯಾಟಿನ ತಂತಿಯೊಳಗೆ ಹಿಮ್ಮುಖವಾಗಿ ಹೊಕ್ಕು, ಬ್ರೇಕಿನ ವೈರಿನಲ್ಲಿ ಬಲದೀಪದವರೆಗೆ ಸಾಗಿ, ಅಲ್ಲಿನ 21 ವ್ಯಾಟಿನ ತಂತಿಯ ಮೂಲಕ ಅರ್ಥ್ ಸೇರುತ್ತದೆ. ದಪ್ಪ ತಂತಿಗಳು ಅಷ್ಟು ಕಡಿಮೆ ಕರೆಂಟಿಗೆ ಬಿಸಿಯಾಗದೆ ತಣ್ಣಗೇ ಇರುವುದರಿಂದ ಅವುಗಳ ತಡೆ ಅತ್ಯಲ್ಪ, ಹಾಗಾಗಿ ಟೈಲ್ ಲೈಟು ಏನೂ ಆಗಿಲ್ಲವೆಂಬಂತೆ ಉರಿಯುತ್ತದೆ. ಬ್ರೇಕ್ ತುಳಿದೊಡನೆ ಎರಡೂ ತುದಿಗಳಲ್ಲಿ 12 ವೋಲ್ಟ್ ನಿಲ್ಲುತ್ತದೆ. ಹರಿಯಲು ಇಳಿಜಾರೇ ಇಲ್ಲದ ನೀರಿನಂತೆ ಕರೆಂಟು ನಿಂತುಹೋಗಿ ದೀಪ ಆರುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಮಲ್ಟಿಮೀಟರನ್ನು ಡಿ.ಸಿ. ವೋಲ್ಟಿಗೆ ಇಟ್ಟು, ಕಪ್ಪು ಮೊನೆಯನ್ನು ಉದ್ದದ ವೈರೊಂದರಿಂದ ಬ್ಯಾಟರಿಯ ನೆಗೆಟಿವ್‌ಗೆ ಜೋಡಿಸಿ, ಕೆಂಪು ಮೊನೆಯನ್ನು ಬಲ್ಬಿನ ಹಿತ್ತಾಳೆಗೆ ತಾಗಿಸಿದೆ. ಪಾರ್ಕಿಂಗ್ ಮಾತ್ರ ಇದ್ದಾಗ ಸುಮಾರು ಒಂದು ವೋಲ್ಟ್ ತೋರಿಸಿತು. ಬ್ರೇಕನ್ನೂ ತುಳಿದಾಗ ಬ್ಯಾಟರಿಯಷ್ಟೇ ವೋಲ್ಟೇಜ್. ಅರ್ಥ್ ಸರಿಯಿದ್ದರೆ ಎರಡೂ ಸಲ ಸೊನ್ನೆಯ ಆಸುಪಾಸಿನಲ್ಲಿರಬೇಕು. ದೀಪ ಆರಿಸಿ ತಡೆಯನ್ನು ಮಾತ್ರ ಓಮ್ಸ್‌ನಲ್ಲಿ ಅಳೆದು ಸುಮ್ಮನಾಗುವವರಿದ್ದಾರೆ, ಅದು ಸಾಲದು. ತುಕ್ಕಿನ ನಡುವೆ ಒಂದೆರಡು ಎಳೆ ತಾಗಿಕೊಂಡಿದ್ದರೂ ಮೀಟರಿನ ಅಲ್ಪ ಕರೆಂಟಿಗೆ ದಾರಿ ಸಿಗುತ್ತದೆ, ಆದರೆ 21 ವ್ಯಾಟಿನ ತಂತಿ ಕೇಳುವ ಒಂದೂ ಮುಕ್ಕಾಲು ಆಂಪಿಯರ್ ಅದರಲ್ಲಿ ಹರಿಯಲಾರದು. ಕರೆಂಟು ಹರಿಯುತ್ತಿರುವಾಗಲೇ ಅಳೆಯಬೇಕು.

ಬ್ಯಾಟರಿಯ ನೆಗೆಟಿವ್ ತೆಗೆದಿಟ್ಟು ದೀಪದ ಬುಡವನ್ನು ಬಿಚ್ಚಿದಾಗ ಕಾರಣ ಕಣ್ಣಿಗೇ ಕಂಡಿತು. ಹಿಂದೆಂದೋ ಕಾರಿಗೆ ಬಣ್ಣ ಹೊಡೆದವರು ದೀಪ ಕೂರುವ ಜಾಗಕ್ಕೂ ದಪ್ಪವಾಗಿ ಬಣ್ಣ ಬಳಿದು, ಅದರ ಮೇಲೆಯೇ ದೀಪವನ್ನು ಕೂರಿಸಿದ್ದರು. ಕಾರಿನ ಮೈಗೆ ಸಂಪರ್ಕ ಉಳಿದದ್ದು ಎರಡು ಸ್ಕ್ರೂಗಳ ಮೂಲಕ ಮಾತ್ರ, ಆ ಸ್ಕ್ರೂಗಳ ಹಲ್ಲುಗಳೂ ಮಲೆನಾಡಿನ ತೇವಕ್ಕೆ ತುಕ್ಕು ಹಿಡಿದು ಮುಟ್ಟಿದರೆ ಪುಡಿ ಉದುರುವಂತಾಗಿದ್ದವು. ಹೋಲ್ಡರಿನೊಳಗೂ ಹಸಿರು ಕಿಲುಬು ಕಟ್ಟಿತ್ತು. ಎಮರಿ ಕಾಗದವನ್ನು ಪೆನ್ಸಿಲಿಗೆ ಸುತ್ತಿ ಹೋಲ್ಡರಿನ ಒಳಗೋಡೆಯನ್ನು ಹೊಳೆಯುವವರೆಗೆ ಉಜ್ಜಿದೆ, ಸ್ಕ್ರೂ ಕೂರುವ ಜಾಗದಲ್ಲಿ ಕಾಸಿನಗಲ ಬಣ್ಣ ಕೆರೆದೆ. ಆದರೂ ಸ್ಕ್ರೂಗಳ ಮೇಲೆಯೇ ಭಾರ ಹಾಕಲು ಮನಸ್ಸು ಒಪ್ಪಲಿಲ್ಲ. ದೀಪದ ಬುಡದಿಂದ ಡಿಕ್ಕಿಯೊಳಗಿನ ಗಟ್ಟಿಯಾದ ಬೋಲ್ಟೊಂದಕ್ಕೆ ಪ್ರತ್ಯೇಕ ಕಪ್ಪು ವೈರು ಎಳೆದು, ತುದಿಗಳಿಗೆ ಬಳೆಯಾಕಾರದ ಲಗ್ಸ್ ಒತ್ತಿ ಬೆಸುಗೆಯನ್ನೂ ಹಾಕಿ, ಹಲ್ಲಿನ ವಾಷರ್ ಇಟ್ಟು ಬಿಗಿದ ಮೇಲೆ ವ್ಯಾಸಲೀನ್ ಸವರಿದೆ. ಬಲಗಡೆಗೂ ಹಾಗೆಯೇ ಮಾಡಿದೆ, ಅಲ್ಲಿ ಇನ್ನೂ ತೊಂದರೆ ಕಾಣಿಸಿಕೊಂಡಿರದಿದ್ದರೂ.

ವೈರುಗಳ ಕಟ್ಟನ್ನು ಹಿಡಿದು ಮುಂದಕ್ಕೆ ನೋಡುತ್ತ ಹೋದಾಗ ಅದಕ್ಕಿಂತಲೂ ಗಂಭೀರವಾದದ್ದು ಸಿಕ್ಕಿತು. ತಗಡಿನ ತೂತಿನಲ್ಲಿ ಕಟ್ಟು ಡಿಕ್ಕಿಗೆ ಹೊಕ್ಕುವಲ್ಲಿದ್ದ ರಬ್ಬರ್ ಬುಶ್ ಒಣಗಿ ಬಿರಿದು, ಕೆಂಪು ವೈರಿನ ಹೊದಿಕೆ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಒಳಗಿನ ತಾಮ್ರ ಇಣುಕುತ್ತಿತ್ತು. ನನ್ನ ಕಾರಿನ ಫ್ಯೂಸ್ ಪೆಟ್ಟಿಗೆಯಲ್ಲಿ ಇರುವುದು ಎರಡೇ ಫ್ಯೂಸು, ಟೈಲ್ ಲೈಟಿನ ಕೆಂಪು ವೈರು ಆ ಎರಡರ ಮೂಲಕವೂ ಹೋಗುವುದಿಲ್ಲ. ಆ ತಾಮ್ರ ಒಮ್ಮೆ ತಗಡಿಗೆ ತಾಗಿದ್ದರೆ ಫ್ಯೂಸಿನ ಬದಲು ವೈರೇ ಸುಡುತ್ತಿತ್ತು, ಅದೂ ಸೀಟಿನ ಹಿಂದೆ. ಸವೆದ ಭಾಗವನ್ನು ಕತ್ತರಿಸಿ ಹೊಸ ತುಂಡು ಬೆಸೆದು, ಶಾಖಕ್ಕೆ ಕುಗ್ಗುವ ಕೊಳವೆ ಹೊದಿಸಿ, ಹೊಸ ಬುಶ್ ಹಾಕಿದೆ. ನಂತರ ಲೈಟ್ ಸ್ವಿಚ್ಚಿನಿಂದ ಹೊರಡುವ ಜಾಗದಲ್ಲಿಯೇ ಆ ಕೆಂಪು ವೈರಿಗೆ 5 ಆಂಪಿಯರ್ ಫ್ಯೂಸೊಂದನ್ನು ಸೇರಿಸಿದೆ. ಮುಂದಿನ ಪಾರ್ಕಿಂಗ್, ಹಿಂದಿನ ಟೈಲ್, ನಂಬರ್ ಪ್ಲೇಟಿನ ದೀಪ ಎಲ್ಲ ಸೇರಿದರೂ ಎರಡೂವರೆ ಆಂಪಿಯರ್ ಮೀರುವುದಿಲ್ಲವಾದ್ದರಿಂದ ಅಷ್ಟು ಸಾಕು. ಹಳೆಯ ಕಾರಿನ ಮೂಲ ವೈರಿಂಗನ್ನು ಬದಲಿಸಬಾರದೆಂದು ವಾದಿಸುವ ಗೆಳೆಯರಿದ್ದಾರೆ. ಈ ಒಂದು ಫ್ಯೂಸಿನ ವಿಷಯದಲ್ಲಿ ನಾನು ಅವರ ಮಾತನ್ನು ಒಪ್ಪುವುದಿಲ್ಲ.

ದೀಪದ ಗಾಜಿನ ಸುತ್ತಲಿನ ರಬ್ಬರು ಕಲ್ಲಿನಂತಾಗಿತ್ತು. ಸೈಕಲ್ ಟ್ಯೂಬನ್ನು ಅದರ ಆಕಾರಕ್ಕೆ ಕತ್ತರಿಸಿ ಕೂರಿಸಿದೆ, ಕೆಳಗಿನ ಸಣ್ಣ ನೀರಿನ ತೂತನ್ನು ಮಾತ್ರ ಮುಚ್ಚದೆ ಬಿಟ್ಟೆ. ಎಲ್ಲ ಮುಗಿದ ಮೇಲೆ ಮಗ ಮತ್ತೆ ಬ್ರೇಕ್ ತುಳಿದ. ಬಲ್ಬಿನ ಹಿತ್ತಾಳೆಯಲ್ಲಿ ಮೀಟರ್ 0.05 ವೋಲ್ಟ್ ತೋರಿಸಿತು. ಆ ವಾರವೆಲ್ಲ ಮಳೆ ಸುರಿಯಿತು. ಎಂಟನೆಯ ದಿನ ಗಾಜು ಬಿಚ್ಚಿ ನೋಡಿದಾಗ ಒಳಗೆ ಇಟ್ಟಿದ್ದ ಹತ್ತಿಯ ತುಂಡು ಒಣಗಿಯೇ ಇತ್ತು.