ಸೋರಿಯಾಸಿಸ್ ಇರುವವರು ವೈದ್ಯರಲ್ಲಿಗೆ ಹೊರಡುವ ಮುನ್ನ ಬರೆದಿಟ್ಟುಕೊಳ್ಳಬೇಕಾದದ್ದು

ಬೆನ್ನ ತುಂಬ ಹೊಟ್ಟು ಎದ್ದಿದ್ದರೂ ಅಂಗಿಯೊಳಗೆ ಮುಚ್ಚಿಕೊಂಡು ತೋಟದ ಕೆಲಸ ಮಾಡಿ ಬರುವವರಿದ್ದಾರೆ. ಅಂಗೈಯ ಚರ್ಮ ಮಾತ್ರ ದಪ್ಪಗಟ್ಟಿ ಬಿರಿದು, ಅಡಕೆ ಸುಲಿಯಲೂ ಬೀಡಿ ಕಟ್ಟಲೂ ಆಗದೆ ದಿನದ ಸಂಪಾದನೆ ಕಳೆದುಕೊಂಡವರೂ ಇದ್ದಾರೆ. ಸೋರಿಯಾಸಿಸ್ ಎಂಬ ಈ ಚರ್ಮರೋಗ ಒಬ್ಬರ ಬದುಕನ್ನು ಎಷ್ಟು ಕುಗ್ಗಿಸಿದೆ ಎಂಬುದು ಕಲೆಗಳ ವಿಸ್ತಾರದಿಂದ ತಿಳಿಯುವುದಿಲ್ಲ. ಬದಿಯಡ್ಕ, ಪೆರ್ಲದಂಥ ಊರುಗಳಿಂದ ಬಸ್ಸು ಹಿಡಿದು ಕಾಸರಗೋಡಿಗೋ ಮಂಗಳೂರಿಗೋ ಹೋಗಿ ತಜ್ಞರ ಮುಂದೆ ಐದು ನಿಮಿಷ ಕುಳಿತುಕೊಳ್ಳುವವರು, ಹಿಂದಿನ ಒಂದು ವಾರ ತಮಗೆ ಏನೇನು ತಪ್ಪಿತು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಬರೆಯುವುದಕ್ಕೆ ಒಂದು ಮಾದರಿ ಇದೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ರೂಪುಗೊಂಡು 1994ರಲ್ಲಿ ಪ್ರಕಟವಾದ, ಚರ್ಮರೋಗವು ಬದುಕನ್ನು ಎಷ್ಟು ಬಾಧಿಸಿದೆ ಎಂದು ಅಳೆಯುವ ಡಿ.ಎಲ್.ಕ್ಯು.ಐ. ಎಂಬ ಪ್ರಶ್ನಾವಳಿಯಲ್ಲಿ ತುರಿಕೆ, ನಾಚಿಕೆ, ಉಡುಪು, ಕೆಲಸ, ನಂಟರಿಷ್ಟರ ಒಡನಾಟ, ದಾಂಪತ್ಯ, ಚಿಕಿತ್ಸೆಯ ಕಿರಿಕಿರಿ ಮೊದಲಾದವುಗಳ ಬಗ್ಗೆ 10 ಪ್ರಶ್ನೆಗಳಿವೆ. ಒಟ್ಟು 30 ಅಂಕಗಳಲ್ಲಿ 10ನ್ನು ಮೀರಿದರೆ ರೋಗವು ಬದುಕನ್ನು ಬಹಳವಾಗಿ ಬಾಧಿಸುತ್ತಿದೆ ಎಂದರ್ಥ. ನಮ್ಮ ಕಡೆಯ ಬದುಕಿಗೆ ಇದನ್ನು ಒಗ್ಗಿಸಿಕೊಳ್ಳಬಹುದು: ಅಂಗಿ ಕಳಚಿ ಒಳಗೆ ಹೋಗಬೇಕಾದ ದೇವಸ್ಥಾನಕ್ಕೆ ಹೋಗುವುದನ್ನು ಬಿಟ್ಟಿರಾ, ಮದುವೆ ಮನೆಯಲ್ಲಿ ಬಡಿಸಲು ಹಿಂಜರಿದಿರಾ ಎಂದು ಕೇಳಿಕೊಳ್ಳಿ. ಆ ಪ್ರಶ್ನಾವಳಿಯಲ್ಲಿ ನಿದ್ರೆಯ ಮಾತಿಲ್ಲ. ತುರಿಕೆಯಿಂದ ರಾತ್ರಿ ಎಷ್ಟು ಸಲ ಎಚ್ಚರವಾಯಿತು ಎಂಬುದನ್ನು ನೀವಾಗಿಯೇ ಸೇರಿಸಬೇಕು, ಏಕೆಂದರೆ ಹಗಲಿನ ಸಿಡುಕಿಗೂ ಮನಸ್ಸಿನ ಕುಗ್ಗುವಿಕೆಗೂ ಎಷ್ಟೋ ಬಾರಿ ಬೇರು ಅಲ್ಲಿರುತ್ತದೆ.

ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಗಂಟುಗಳು ಬಿಗಿಯುತ್ತಿದ್ದರೆ, ಬೆರಳು ಇಡಿಯಾಗಿ ಊದಿದ್ದರೆ, ಹಿಮ್ಮಡಿ ನೋಯುತ್ತಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಇದು ಸೋರಿಯಾಸಿಸ್‌ನ ಸಂಧಿವಾತವಾಗಿರಬಹುದು. ಒಮ್ಮೆ ಸವೆದ ಗಂಟು ಮೊದಲಿನಂತಾಗುವುದಿಲ್ಲ.

ರೋಗ ಕೆರಳಿದ ದಿನಗಳನ್ನೂ ಗುರುತಿಸಿಕೊಳ್ಳಿ. ಗಂಟಲು ನೋವು, ಚರ್ಮಕ್ಕಾದ ಗಾಯ, ಮನಸ್ಸಿನ ಒತ್ತಡ, ಕುಡಿತ, ಧೂಮಪಾನ, ಮನೋರೋಗಕ್ಕೆ ಕೊಡುವ ಲಿಥಿಯಂನಂಥ ಕೆಲವು ಔಷಧಗಳು ಇದನ್ನು ಕೆರಳಿಸಬಲ್ಲವು. ಸ್ಟೀರಾಯ್ಡ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದಂತೂ ಅಪಾಯಕರ. ಬಿಸಿಲು ಕಾಣದ ಆಟಿ ತಿಂಗಳಲ್ಲಿ ಹೆಚ್ಚಾಗುತ್ತದೆಯೇ ಎಂದು ನೋಡಿ. ಆದರೆ ನಂಜು ಎಂದು ಬದನೆ, ಮೀನು ಎಲ್ಲವನ್ನೂ ಬಿಟ್ಟು ಸೊರಗುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಮೈತೂಕ ಹೆಚ್ಚಿದ್ದವರು ಅದನ್ನು ಇಳಿಸಿಕೊಂಡರೆ ಆಗುವ ಉಪಕಾರ ದೊಡ್ಡದು.

ಮನೆಯವರಿಗೆ ಒಂದು ವಿಷಯವನ್ನು ಖಚಿತವಾಗಿ ತಿಳಿಸಿ: ಇದು ಅಂಟುವ ರೋಗವಲ್ಲ. ಸುಮಾರು ಒಂದು ತಿಂಗಳಲ್ಲಿ ಹೊಸದಾಗಬೇಕಾದ ಚರ್ಮ, ದೇಹದ ರಕ್ಷಣಾ ವ್ಯವಸ್ಥೆಯ ಏರುಪೇರಿನಿಂದ ಕೆಲವೇ ದಿನಗಳಲ್ಲಿ ಬೆಳೆದು ಹೊಟ್ಟಾಗಿ ಉದುರುತ್ತದೆ, ಅಷ್ಟೇ. ಬೈರಾಸು, ತಟ್ಟೆ, ಹಾಸಿಗೆಯನ್ನು ಬೇರೆ ಮಾಡಿದರೆ ಯಾರಿಗೂ ರಕ್ಷಣೆ ಸಿಗದು, ರೋಗಿಗೆ ನೋವು ಮಾತ್ರ ಸಿಗುತ್ತದೆ.

ಚಿಕಿತ್ಸೆಯ ಹೊರೆಯನ್ನೂ ಮುಚ್ಚಿಡಬಾರದು. ಮುಲಾಮು ಬಟ್ಟೆಗೆ ಅಂಟುತ್ತದೆ ಎಂದು ಹಚ್ಚದೆ ಬಿಟ್ಟಿದ್ದರೆ ಹಾಗೆಯೇ ಹೇಳಿ. ಮೆಥೊಟ್ರೆಕ್ಸೇಟ್ ಕೊಟ್ಟಿದ್ದರೆ ಅದು ವಾರಕ್ಕೊಮ್ಮೆ ಮಾತ್ರ ನುಂಗುವ ಮಾತ್ರೆ ಎಂಬುದನ್ನು ನೆನಪಿಡಿ. ದಿನವೂ ನುಂಗಿದರೆ ಜೀವಕ್ಕೇ ಕುತ್ತು. ಗರ್ಭಿಣಿಯರು ಅದನ್ನು ಸೇವಿಸುವಂತಿಲ್ಲ.

ವೈದ್ಯರು ಮಲಯಾಳದಲ್ಲೇ ಮಾತನಾಡುವವರಾದರೆ ತುರಿಕೆಗೆ ‘ಚೊರಿಚ್ಚಿಲ್’ ಎಂದು ಹೇಳಲು ನಮ್ಮಲ್ಲಿ ಹೆಚ್ಚಿನವರಿಗೆ ಬರುತ್ತದೆ, ನಾಚಿಕೆಯನ್ನೂ ಬೇಸರವನ್ನೂ ಹೇಳಲು ಮಾತು ಸಿಗುವುದಿಲ್ಲ. ಬರೆದದ್ದನ್ನು ಓದಿ ಹೇಳಲು ಜೊತೆಗೆ ಯಾರನ್ನಾದರೂ ಕರೆದೊಯ್ಯಿರಿ. ಆದರೆ ದಾಂಪತ್ಯದ ಪ್ರಶ್ನೆಯೂ ಅದರಲ್ಲಿ ಇರುವುದರಿಂದ, ಮಲಯಾಳ ಬಲ್ಲ ಶಾಲೆಯ ಮಗುವನ್ನು ಆ ಕೆಲಸಕ್ಕೆ ಕೂರಿಸಬೇಡಿ.